ಸ್ಥಿತಿಕರಣ: ಎದೆಗುಂದಿದವನಿಗೆ ಆಸರೆ

ಯಾವ ಊರಿನಲ್ಲಾದರೂ ಒಂದು ಅಂಗಡಿಗೆ ಬೀಗ ಬಿದ್ದರೆ ಆ ಸುದ್ದಿ ಮೊದಲು ಪೇಟೆಗೆ ತಿಳಿಯುತ್ತದೆ, ಅನಂತರ ಬಸದಿಗೆ ತಿಳಿಯುತ್ತದೆ. ಪ್ರತಿದಿನ ಬೆಳಿಗ್ಗೆ ಅಭಿಷೇಕಕ್ಕೆ ಎದುರಿನಲ್ಲಿ ಕುಳಿತುಕೊಳ್ಳುತ್ತಿದ್ದ ಶ್ರಾವಕನು ಕಂಬದ ಮರೆಗೆ ಸರಿಯುತ್ತಾನೆ. ಕೆಲವು ದಿನಗಳಲ್ಲಿ ಜನ ಚದುರಿದ ಮೇಲೆ ಬಂದು ದರ್ಶನ ಮಾಡಿಕೊಂಡು ಹೋಗುತ್ತಾನೆ. ವರ್ಷ ತುಂಬುವಷ್ಟರಲ್ಲಿ ಪರ್ಯುಷಣದ ಹತ್ತು ದಿನಗಳಲ್ಲಿಯೂ ಆತನ ಮುಖ ಕಾಣುವುದಿಲ್ಲ. ಅವನಿಗೆ ಧರ್ಮದಲ್ಲಿ ಶ್ರದ್ಧೆ ಕಡಿಮೆಯಾಯಿತೆಂದು ಜನ ಮಾತನಾಡುತ್ತಾರೆ. ವಾಸ್ತವದಲ್ಲಿ ಕಡಿಮೆಯಾದುದು ಶ್ರದ್ಧೆಯಲ್ಲ, ಧೈರ್ಯ. ಆದರೆ ಧೈರ್ಯಗುಂದಿದವನನ್ನು ಬಹುಕಾಲ ಒಬ್ಬನನ್ನೇ ಬಿಟ್ಟರೆ ಶ್ರದ್ಧೆಯೂ ಅದರ ಹಿಂದೆಯೇ ಹೊರಟುಹೋಗುತ್ತದೆ.

ಈ ಅಪಾಯವನ್ನು ಆಚಾರ್ಯರು ಬಹಳ ಹಿಂದೆಯೇ ಬಲ್ಲವರಾಗಿದ್ದರು. ಸಮ್ಯಗ್ದರ್ಶನಕ್ಕೆ ಅವರು ಹೇಳಿದ ಎಂಟು ಅಂಗಗಳಲ್ಲಿ ಮೊದಲಿನ ನಾಲ್ಕಾದ ನಿಃಶಂಕಿತ, ನಿಃಕಾಂಕ್ಷಿತ, ನಿರ್ವಿಚಿಕಿತ್ಸಾ ಮತ್ತು ಅಮೂಢದೃಷ್ಟಿಗಳು ಮುಖ್ಯವಾಗಿ ವ್ಯಕ್ತಿಯ ಅಂತರಂಗಕ್ಕೆ ಸೇರಿದವು. ಉಳಿದ ನಾಲ್ಕಾದ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಮತ್ತು ಪ್ರಭಾವನೆಗಳಲ್ಲಿ ಪಕ್ಕದವನ ಮುಖ ಕಾಣುತ್ತದೆ. ದರ್ಶನದಿಂದಾಗಲಿ ಚಾರಿತ್ರದಿಂದಾಗಲಿ ಜಾರುತ್ತಿರುವವನನ್ನು ಧರ್ಮದಲ್ಲಿ ಪ್ರೀತಿಯುಳ್ಳವರು ಮರಳಿ ನೆಲೆಗೊಳಿಸುವುದೇ ಸ್ಥಿತಿಕರಣವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಜಾರಿದವನು ತಾನೇ ಎದ್ದು ಬರಲಿ ಎಂದು ಅವರು ಹೇಳಲಿಲ್ಲ. ಎಬ್ಬಿಸುವ ಹೊಣೆಯನ್ನು ನಿಂತಿರುವವನ ಮೇಲೆ ಹೊರಿಸಿದರು. ಆದುದರಿಂದ ಬಿದ್ದವನನ್ನು ಕಂಡೂ ಸುಮ್ಮನೆ ನಿಂತವನ ದರ್ಶನದಲ್ಲಿಯೂ ಒಂದು ಅಂಗ ಊನವಾಯಿತೆಂದೇ ಅರ್ಥ.

ಈ ನಾಲ್ಕು ಅಂಗಗಳ ಕ್ರಮವೂ ಗಮನಿಸತಕ್ಕದ್ದು. ಮೊದಲು ಉಪಗೂಹನ, ಎಂದರೆ ಧರ್ಮಬಂಧುವಿನ ದೋಷವನ್ನು ಬೀದಿಗೆ ತಾರದೆ ಮುಚ್ಚುವುದು. ಬಳಿಕ ಸ್ಥಿತಿಕರಣ. ಅದರ ಬೆನ್ನಿಗೆ ವಾತ್ಸಲ್ಯ. ಕಟ್ಟಕಡೆಗೆ ಪ್ರಭಾವನೆ, ಅಂದರೆ ಧರ್ಮದ ಮಹಿಮೆಯನ್ನು ಲೋಕಕ್ಕೆ ತೋರಿಸುವುದು. ರಥೋತ್ಸವ, ಮೆರವಣಿಗೆ, ಪಂಚಕಲ್ಯಾಣಗಳ ವೈಭವವೆಲ್ಲ ಈ ಕೊನೆಯ ಅಂಗಕ್ಕೆ ಸೇರಿದ್ದು.

ಸ್ಥಿತಿಕರಣಕ್ಕೆ ಪರಂಪರೆಯು ಕೊಡುವ ದೃಷ್ಟಾಂತ ಶ್ರೇಣಿಕ ಮಹಾರಾಜನ ಮಗ ವಾರಿಷೇಣನದು. ಅವನ ಗೆಳೆಯ ಪುಷ್ಪದಾಲನು ಸ್ನೇಹದ ಸೆಳೆತದಿಂದ ದೀಕ್ಷೆ ಪಡೆದನೇ ಹೊರತು ಹನ್ನೆರಡು ವರ್ಷವಾದರೂ ಮನೆಯಲ್ಲಿ ಬಿಟ್ಟುಬಂದ ಮಡದಿಯನ್ನು ಮರೆಯಲಿಲ್ಲ. ಅದನ್ನರಿತ ವಾರಿಷೇಣ ಮುನಿಯು ಅವನನ್ನು ನಿಂದಿಸದೆ ತನ್ನ ಅರಮನೆಗೇ ಕರೆದೊಯ್ದನು. ತಾಯಿ ಚೇಲನೆಯು ಮಗನ ಮನಸ್ಸು ಕದಲಿತೋ ಏನೋ ಎಂದು ಪರೀಕ್ಷಿಸಲು ಸರಾಗಿಗೊಂದು ವೀತರಾಗಿಗೊಂದು ಎಂಬಂತೆ ಎರಡು ಆಸನಗಳನ್ನಿರಿಸಿದಳು. ವಾರಿಷೇಣನು ವೀತರಾಗಿಯ ಆಸನದಲ್ಲಿ ಕುಳಿತು, ಸರ್ವಾಲಂಕೃತರಾದ ತನ್ನ ಪೂರ್ವಾಶ್ರಮದ ಪತ್ನಿಯರನ್ನು ಕರೆಸಿ, ಬೇಕಾದರೆ ಇದೆಲ್ಲವನ್ನೂ ಈ ರಾಜ್ಯವನ್ನೂ ನೀನೇ ತೆಗೆದುಕೋ ಎಂದನು. ಪುಷ್ಪದಾಲನಿಗೆ ನಾಚಿಕೆಯಾಯಿತು, ಮನಸ್ಸು ನಿಂತಿತು. ಸ್ನೇಹಿತನ ಜಾರುವಿಕೆಯನ್ನು ವಾರಿಷೇಣನು ಸಂಘದ ಮುಂದೆ ಸಾರಲಿಲ್ಲ, ಜೊತೆಯಲ್ಲಿ ನಡೆದುಹೋದನು.

ಇದು ಪುರಾಣದ ಮಾತು, ರಾಜಕುಮಾರರ ಮಾತು ಎನ್ನುವವರು ಇರಬಹುದು. ಅಂಥವರಿಗಾಗಿ, ಪೇಟೆಯಲ್ಲಿ ನಷ್ಟಹೊಂದಿ ಎದೆಗುಂದಿದ ಒಬ್ಬ ಜೈನ ವರ್ತಕರು ತಮ್ಮ ಕೈಯಿಂದಲೇ ಬರೆದಿಟ್ಟ ಲೆಕ್ಕವೊಂದಿದೆ. ಅದು ಕವಿವರ ಬನಾರಸೀದಾಸರ ‘ಅರ್ಧಕಥಾನಕ’. 1641ರಲ್ಲಿ ಆಗ್ರಾ ನಗರದಲ್ಲಿ, ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ ಅವರು ಈ ಆತ್ಮಕಥೆಯನ್ನು ಪದ್ಯದಲ್ಲಿ ರಚಿಸಿದರು. ಮನುಷ್ಯನ ಪೂರ್ಣಾಯುಷ್ಯ ನೂರಹತ್ತು ವರ್ಷವೆಂಬ ಲೆಕ್ಕದಲ್ಲಿ ತಾವು ಹೇಳಿದ್ದು ಅರ್ಧ ಕಥೆ ಎಂದು ಆ ಹೆಸರಿಟ್ಟರು. ಹಿಂದಿ ಸಾಹಿತ್ಯದಲ್ಲಿ ಇದೇ ಮೊದಲ ಆತ್ಮಕಥೆಯೆಂದು ವಿದ್ವಾಂಸರು ಪರಿಗಣಿಸುತ್ತಾರೆ.

ಬನಾರಸೀದಾಸರು 1586ರಲ್ಲಿ ಜೌನಪುರದ ಶ್ರೀಮಾಲ ಕುಲದ ಶ್ವೇತಾಂಬರ ಮನೆತನದಲ್ಲಿ ಹುಟ್ಟಿದರು. ತಂದೆ ಖರಗಸೇನರು ರತ್ನಪಡಿ ವ್ಯಾಪಾರಿಗಳು. ಆ ಕಾಲದ ವರ್ತಕನ ಬದುಕು ಎಂಥ ಭಯದ ಬದುಕಾಗಿತ್ತೆಂಬುದು ಗ್ರಂಥದಿಂದ ತಿಳಿದುಬರುತ್ತದೆ. ಬನಾರಸಿಯು ಬಾಲಕನಾಗಿದ್ದಾಗಲೇ ಜೌನಪುರದ ನವಾಬನು ಅಲ್ಲಿನ ರತ್ನವ್ಯಾಪಾರಿಗಳನ್ನೆಲ್ಲ ಹಿಡಿಸಿ ಛಡಿಯೇಟು ಕೊಡಿಸಿದ್ದರಿಂದ ಅವರ ಕುಟುಂಬಗಳು ದಿಕ್ಕುದಿಕ್ಕಿಗೆ ಓಡಿಹೋದವು. 1605ರಲ್ಲಿ ಅಕ್ಬರ್ ಬಾದಶಹನು ತೀರಿಕೊಂಡ ಸುದ್ದಿ ಬಂದಾಗ ಮೆಟ್ಟಿಲ ಮೇಲೆ ಕುಳಿತಿದ್ದ ಬನಾರಸಿಯು ಅದನ್ನು ಕೇಳಿದೊಡನೆ ತಲೆತಿರುಗಿ ಬಿದ್ದು ಹಣೆ ಒಡೆದುಕೊಂಡನು. ಊರಿನಲ್ಲಿ ಅಂಗಡಿಗಳು ಮುಚ್ಚಿದವು; ಶ್ರೀಮಂತರು ಒಡವೆಗಳನ್ನು ಹೂತಿಟ್ಟು ಒರಟು ಬಟ್ಟೆ ತೊಟ್ಟರು. ಹತ್ತು ದಿನಗಳ ಮೇಲೆ, ಸಲೀಮನು ಜಹಾಂಗೀರನೆಂಬ ಹೆಸರಿನಿಂದ ಪಟ್ಟವೇರಿದ್ದಾನೆ, ಎಲ್ಲವೂ ಕ್ಷೇಮವಾಗಿದೆ ಎಂಬ ಪತ್ರ ಬಂದ ಅನಂತರವೇ ಜನ ಉಸಿರುಬಿಟ್ಟರು. ಸಮ್ಯಗ್ದೃಷ್ಟಿಗೆ ಇರಬಾರದೆಂದು ಶಾಸ್ತ್ರವು ಹೇಳುವ ಸಪ್ತಭಯಗಳಲ್ಲಿ ಆಕಸ್ಮಿಕ ಭಯವೂ ಒಂದು. ಅದು ಹೇಗಿರುತ್ತದೆಂಬುದನ್ನು ಬನಾರಸೀದಾಸರು ತಮ್ಮ ಹಣೆಯ ಗಾಯದ ಮೂಲಕವೇ ಬರೆದಿಟ್ಟಿದ್ದಾರೆ.

ಮೊದಲ ಪತನವು ವ್ಯಾಪಾರದಲ್ಲಿ ಆಯಿತು. 1610ರ ಸುಮಾರಿನಲ್ಲಿ ತಂದೆಯವರು ಮಗನ ಕೈಗೆ ಹರಳುಗಳು, ತುಪ್ಪ, ಎಣ್ಣೆ, ಜೌನಪುರದ ಬಟ್ಟೆ ಮುಂತಾದ ಸರಕನ್ನು ಕೊಟ್ಟು ಆಗ್ರಾಕ್ಕೆ ಕಳುಹಿಸಿದರು. ದಾರಿಯಲ್ಲಿ ಇಟಾವಾ ಸಮೀಪದಲ್ಲಿ ಜಡಿಮಳೆ ಹಿಡಿಯಿತು. ತಂಗಲು ಯಾರೂ ಸ್ಥಳ ಕೊಡದೆ, ಕಡೆಗೆ ಒಂದು ಗುಡಿಸಲಿನಲ್ಲಿ ಒಬ್ಬನ ಮಂಚದ ಕೆಳಗೆ ಗೋಣಿತಟ್ಟಿನ ಮೇಲೆ ಮಲಗಿ ರಾತ್ರಿ ಕಳೆಯಬೇಕಾಯಿತು. ಆಗ್ರಾದಲ್ಲಿ ಪೇಟೆಯ ರೀತಿನೀತಿ ತಿಳಿಯದೆ ಸರಕೆಲ್ಲ ನಷ್ಟಕ್ಕೆ ಹೋಯಿತು. ಕೆಲವು ಹರಳುಗಳು ಕಳೆದುಹೋದವು, ಕೆಲವು ಇಲಿಯ ಪಾಲಾದವು. ಜ್ವರವೂ ಬಂದಿತು. ಆಗ್ರಾದಲ್ಲಿದ್ದ ಬಂಧುವೊಬ್ಬನು, ನಿಮ್ಮ ಮಗ ಎಲ್ಲವನ್ನೂ ಕಳೆದುಕೊಂಡು ಭಿಕಾರಿಯಾದನು ಎಂದು ಜೌನಪುರಕ್ಕೆ ಪತ್ರ ಬರೆದನು. ಆ ಪತ್ರದಿಂದ ತಂದೆಯ ಮನೆಯಲ್ಲಿ ಶೋಕವೂ ಕಲಹವೂ ಉಂಟಾಯಿತಲ್ಲದೆ ಆಗ್ರಾದಲ್ಲಿದ್ದ ಮಗನಿಗೆ ಒಂದು ಹೊತ್ತಿನ ಊಟವೂ ಸಿಗಲಿಲ್ಲ. ಸುದ್ದಿ ನಿಜವೇ ಆಗಿತ್ತು. ಆದರೆ ನಿಜವಾದ ಸುದ್ದಿಯೆಲ್ಲವೂ ಉಪಕಾರವಾಗುವುದಿಲ್ಲ.

ಹಾಗಾದರೆ ಉಪಕಾರ ಮಾಡಿದವರು ಯಾರು? ಕೈ ಬರಿದಾದ ಬನಾರಸಿಯು ಪೇಟೆಗೆ ಹೋಗುವುದನ್ನು ಬಿಟ್ಟು, ಸಂಜೆಯ ಹೊತ್ತು ಮನೆಯಲ್ಲಿ ‘ಮಧುಮಾಲತಿ’, ‘ಮೃಗಾವತಿ’ ಎಂಬ ಕಾವ್ಯಗಳನ್ನು ಓದಿ ಹೇಳುತ್ತಿದ್ದನು. ಹತ್ತಿಪ್ಪತ್ತು ಜನ ಕೇಳಲು ಬರುತ್ತಿದ್ದರು. ಅವರಲ್ಲೊಬ್ಬನು ಕಚೋರಿ ಮಾರುವವನು. ಅವನಿಂದ ಬನಾರಸಿಯು ದಿನವೂ ಉದ್ರಿಯಾಗಿ ಕಚೋರಿ ತರಿಸಿಕೊಂಡು ಹೊಟ್ಟೆ ಹೊರೆಯುತ್ತಿದ್ದನು. ತಿಂಗಳಾದ ಮೇಲೆ ಮನಸ್ಸು ತಡೆಯಲಿಲ್ಲ. ಕಚೋರಿಯವನನ್ನು ಏಕಾಂತದಲ್ಲಿ ಕರೆದು, ತನ್ನ ಹತ್ತಿರ ಏನೂ ಇಲ್ಲ, ಇನ್ನು ಮುಂದೆ ಉದ್ರಿ ಕೊಡಬೇಡ ಎಂದು ಇದ್ದ ವಿಷಯವನ್ನು ಹೇಳಿಬಿಟ್ಟನು. ಇಪ್ಪತ್ತು ರೂಪಾಯಿಯವರೆಗೆ ತಿನ್ನಲು ಅಡ್ಡಿಯಿಲ್ಲ, ಯಾರೂ ಏನೂ ಕೇಳುವುದಿಲ್ಲ, ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು ಎಂದು ಆತನು ಉತ್ತರಕೊಟ್ಟನು. ಆರೇಳು ತಿಂಗಳು ಹೀಗೆ ನಡೆಯಿತು. ಮುಂದೆ ಪಾಲುದಾರಿಕೆಯಲ್ಲಿ ವ್ಯಾಪಾರ ಕುದುರಿದಾಗ ಬನಾರಸಿಯು ಲೆಕ್ಕ ನೋಡಿ ಹದಿನಾಲ್ಕು ರೂಪಾಯಿ ತೀರಿಸಿದನು.

ಈ ಹದಿನಾಲ್ಕು ರೂಪಾಯಿಯ ಖಾತೆಯನ್ನು ವರ್ತಕರು ಸ್ವಲ್ಪ ನಿಂತು ನೋಡಬೇಕು. ಕಚೋರಿಯವನು ದಾನ ಮಾಡಲಿಲ್ಲ. ದಾನ ಮಾಡಿದ್ದರೆ ಬನಾರಸಿಯು ನಾಚಿಕೆಯಿಂದ ಊರು ಬಿಡುತ್ತಿದ್ದನೋ ಏನೋ. ಆತನು ಉದ್ರಿ ಕೊಟ್ಟನು. ಉದ್ರಿಯಲ್ಲಿ ಒಂದು ಮಾತು ಅಡಗಿದೆ: ಇಂದು ಇಲ್ಲದಿದ್ದರೂ ನಾಳೆ ನೀನು ಕೊಡಬಲ್ಲವನು ಎಂಬ ಮಾತು. ಎದೆಗುಂದಿದವನು ತನ್ನ ನಾಳೆಯನ್ನು ತಾನೇ ನಂಬದಿರುವಾಗ ಇನ್ನೊಬ್ಬನು ಅದನ್ನು ನಂಬಿ ಖಾತೆ ತೆರೆದರೆ ಅದೇ ಧೈರ್ಯದ ಮೂಲ ಬಂಡವಾಳ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಚತುರ್ವಿಧ ದಾನಗಳನ್ನು ಹೇಳುವಾಗ ಮೊದಲನೆಯದನ್ನೂ ಕೊನೆಯದನ್ನೂ ಬೇರೆ ಬೇರೆಯಾಗಿ ಎಣಿಸುವುದು ರೂಢಿ. ಆ ಕಚೋರಿಯ ಬುಟ್ಟಿಯಲ್ಲಿ ಅವೆರಡೂ ಒಂದಾಗಿದ್ದವು. ಬನಾರಸಿಯ ಪಾಲಿನ ಕರ್ತವ್ಯವನ್ನೂ ಮರೆಯುವಂತಿಲ್ಲ. ಆತನು ತನ್ನ ಸ್ಥಿತಿಯನ್ನು ಬಾಯಿಬಿಟ್ಟು ಹೇಳಿದನು. ಹೇಳದಿದ್ದರೆ ಆ ಅಭಯವೂ ದೊರೆಯುತ್ತಿರಲಿಲ್ಲ.

ಮುಂದೆ ಕೆಲವು ವರ್ಷಗಳಲ್ಲಿ ಮತ್ತೆ ಕೈ ಬರಿದಾಗಿ ಬನಾರಸಿಯು ಹೆಂಡತಿಯ ತವರಾದ ಖೈರಾಬಾದಿಗೆ ಹೋದಾಗ ಇನ್ನೊಂದು ಘಟನೆ ನಡೆಯಿತು. ರಾತ್ರಿ ಏಕಾಂತದಲ್ಲಿ ಪತಿಯಿಂದ ನಿಜಸ್ಥಿತಿಯನ್ನು ತಿಳಿದ ಆ ಸಾಧ್ವಿಯು ತಾನು ಕೂಡಿಟ್ಟಿದ್ದ ಇಪ್ಪತ್ತು ರೂಪಾಯಿಯನ್ನು ತಂದು ಅವನ ಕೈಗಿಟ್ಟು ಧೈರ್ಯ ಹೇಳಿದಳು. ಆಮೇಲೆ ತಾಯಿಗೆ ಗುಟ್ಟಾಗಿ ವಿಷಯ ತಿಳಿಸಿ, ಬೇಗ ಏನಾದರೂ ಮಾಡದಿದ್ದರೆ ಗಂಡನು ಸಂಕೋಚದಿಂದ ಹೊರಟುಹೋದಾನೆಂದು ಬೇಡಿಕೊಂಡಳು. ತಾಯಿಯು ಯಾರಿಗೂ ತಿಳಿಯದಂತೆ ತನ್ನ ಇನ್ನೂರು ರೂಪಾಯಿಯನ್ನು ಅಳಿಯನ ಆಗ್ರಾ ವ್ಯಾಪಾರಕ್ಕೆ ಒದಗಿಸಿದಳು. ಹಿಂದೆ ಒಬ್ಬ ಬಂಧುವು ಪತ್ರ ಬರೆದು ನಷ್ಟವನ್ನು ಪ್ರಕಟಿಸಿದ್ದನು. ಇಲ್ಲಿ ಇಬ್ಬರು ಸ್ತ್ರೀಯರು ನಷ್ಟವನ್ನು ಮುಚ್ಚಿ ಅದಕ್ಕೆ ಪರಿಹಾರ ಕೊಟ್ಟರು. ಉಪಗೂಹನವನ್ನು ಸ್ಥಿತಿಕರಣಕ್ಕಿಂತ ಮೊದಲು ಇಟ್ಟ ಆಚಾರ್ಯರ ಕ್ರಮವು ಆ ಮನೆಯಲ್ಲಿ ಯಾರ ಉಪದೇಶವೂ ಇಲ್ಲದೆ ಆಚರಣೆಗೆ ಬಂದಿತು.

ಎರಡನೆಯ ಪತನವು ಇದಕ್ಕಿಂತ ಆಳವಾದದ್ದು. ಅದು ಧರ್ಮಶ್ರದ್ಧೆಯಲ್ಲಿ ಆದದ್ದು. 1623ರಲ್ಲಿ ಕುಂದಕುಂದಾಚಾರ್ಯರ ‘ಸಮಯಸಾರ’ದ ಮೇಲೆ ರಾಜಮಲ್ಲರು ಬರೆದ ಟೀಕೆಯು ಅವರ ಕೈಗೆ ಬಂದಿತು. ನಿಶ್ಚಯನಯದ ಮಾತು ಹಿಡಿಸಿತು. ಆದರೆ ವ್ಯವಹಾರನಯವು ಕೈಬಿಟ್ಟುಹೋಯಿತು. ಕ್ರಿಯೆಯಲ್ಲಿ ರಸ ಉಳಿಯಲಿಲ್ಲ, ಆತ್ಮಾನುಭವವೂ ಆಗಲಿಲ್ಲ. ಜಪ, ಸಾಮಾಯಿಕ, ಪ್ರತಿಕ್ರಮಣಗಳನ್ನೆಲ್ಲ ಬಿಟ್ಟರು. ಮೂವರು ಗೆಳೆಯರೊಡನೆ ಕೋಣೆಯೊಳಗೆ ಬಟ್ಟೆ ಕಳಚಿ ತಾವೂ ನಿಷ್ಪರಿಗ್ರಹಿ ಮುನಿಗಳಾದೆವೆಂದು ಆಟವಾಡಿದರು. ಜನ ನಿಂದಿಸಿದರು. ಇವೆಲ್ಲವನ್ನೂ ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹೀಗೆ ಹನ್ನೆರಡು ವರ್ಷಗಳು ಕಳೆದವು. ಪುಷ್ಪದಾಲನು ಮನಸ್ಸಿನಲ್ಲಿ ಅಲೆದಾಡಿದ್ದೂ ಹನ್ನೆರಡು ವರ್ಷವೇ.

1635ರಲ್ಲಿ ಪಂಡಿತ ರೂಪಚಂದ್ರರೆಂಬ ವಿದ್ವಾಂಸರು ಆಗ್ರಾಕ್ಕೆ ಬಂದು, ತಿಹುನಾ ಸಾಹು ಎಂಬ ವರ್ತಕನು ಕಟ್ಟಿಸಿದ ಜಿನಮಂದಿರದಲ್ಲಿ ಬಿಡಾರ ಹೂಡಿದರು. ಅಧ್ಯಾತ್ಮ ಗೋಷ್ಠಿಯವರೆಲ್ಲ ಸೇರಿ ಅವರಿಂದ ‘ಗೊಮ್ಮಟಸಾರ’ವನ್ನು ಓದಿಸಿದರು. ಯಾವ ಗುಣಸ್ಥಾನದಲ್ಲಿರುವ ಜೀವಕ್ಕೆ ಯಾವ ಕ್ರಿಯೆ ತಕ್ಕದ್ದೆಂಬುದನ್ನು ಪಂಡಿತರು ವಿವರಿಸಿದರು. ನಿಶ್ಚಯವೂ ವ್ಯವಹಾರವೂ ತಮ್ಮ ತಮ್ಮ ಸ್ಥಾನದಲ್ಲಿ ಸತ್ಯವೆಂಬ ಸ್ಯಾದ್ವಾದವು ಬನಾರಸೀದಾಸರ ಮನಸ್ಸಿನಲ್ಲಿ ಆಗ ನೆಲೆಗೊಂಡಿತು. ಮರುವರ್ಷ, 1636ರಲ್ಲಿ, ಅವರ ಮೇರುಕೃತಿಯಾದ ‘ಸಮಯಸಾರ ನಾಟಕ’ವು ಪೂರ್ಣವಾಯಿತು. ರೂಪಚಂದ್ರ, ಚತುರ್ಭುಜ, ಭಗವತೀದಾಸ, ಕುಂವರಪಾಲ, ಧರ್ಮದಾಸ ಎಂಬ ಐವರು ಒಟ್ಟಿಗೆ ಕುಳಿತು ಪರಮಾರ್ಥವನ್ನು ಚರ್ಚಿಸುತ್ತಿದ್ದುದನ್ನು ಆ ಗ್ರಂಥದಲ್ಲಿಯೇ ಅವರು ಸ್ಮರಿಸಿದ್ದಾರೆ.

ಕನ್ನಡ ನಾಡಿನ ಶ್ರಾವಕರಿಗೆ ಇಲ್ಲಿ ಹೆಮ್ಮೆಪಡುವ ಸಂಗತಿಯೊಂದಿದೆ. ಆಗ್ರಾದ ಆ ವರ್ತಕರನ್ನು ಎತ್ತಿ ನಿಲ್ಲಿಸಿದ ‘ಗೊಮ್ಮಟಸಾರ’ವು ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಚಾವುಂಡರಾಯನಿಗಾಗಿ ರಚಿಸಿದ ಗ್ರಂಥ. ಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಆ ಮಂತ್ರಿಗೆ ಗೊಮ್ಮಟನೆಂಬ ಹೆಸರೂ ಇದ್ದುದರಿಂದ ಗ್ರಂಥಕ್ಕೆ ಆ ಹೆಸರು ಬಂದಿತು. 1359ರಲ್ಲಿ ಕೇಶವವರ್ಣಿಯು ಅದಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ಯುದ್ಧರಂಗದಲ್ಲಿ ಬಾಳಿದ ಗೃಹಸ್ಥನಿಗೆ ತಿಳಿಹೇಳಲು ಹುಟ್ಟಿದ ಶಾಸ್ತ್ರವು ಆರೂವರೆ ಶತಮಾನಗಳ ಅನಂತರ, ಬೇರೆ ನಾಡಿನಲ್ಲಿ, ಬೇರೆ ಭಾಷೆಯ ಗೃಹಸ್ಥನ ಕೈಹಿಡಿಯಿತು.

ಆ ಶಾಸ್ತ್ರದಲ್ಲಿ ಧೃತಿಗೆಟ್ಟವನಿಗೆ ಸಮಾಧಾನವಾಗುವ ಒಂದು ತತ್ತ್ವವಿದೆ. ಹದಿನಾಲ್ಕು ಗುಣಸ್ಥಾನಗಳನ್ನು ಏಣಿಯ ಮೆಟ್ಟಿಲುಗಳಂತೆ ಚಿತ್ರಿಸುವುದುಂಟು. ಆದರೆ ಆ ಏಣಿಯಲ್ಲಿ ಇಳಿಯುವ ದಾರಿಯನ್ನೂ ಆಚಾರ್ಯರು ಮರೆಮಾಚಲಿಲ್ಲ. ಎರಡನೆಯದಾದ ಸಾಸಾದನವು ಸಮ್ಯಕ್ತ್ವದಿಂದ ಜಾರುತ್ತಿರುವ ಜೀವದ ಸ್ಥಾನವೇ ಆಗಿದೆ. ಹನ್ನೊಂದನೆಯ ಉಪಶಾಂತಮೋಹದವರೆಗೆ ಏರಿದ ಮಹಾಮುನಿಯೂ ಅಡಗಿಸಿದ ಮೋಹವು ತಲೆಯೆತ್ತಿದಾಗ ಕೆಳಗೆ ಇಳಿಯಬೇಕಾಗುತ್ತದೆ. ಅಷ್ಟು ಎತ್ತರದಿಂದ ಬಿದ್ದವನನ್ನೂ ಶಾಸ್ತ್ರವು ಮೋಕ್ಷಮಾರ್ಗದಿಂದ ಹೊರಗೆ ಹಾಕುವುದಿಲ್ಲ. ಆ ಜೀವವು ಪುನಃ ಏರಲು ಅವಕಾಶವಿದೆಯೆಂದು ಹೇಳುತ್ತದೆ. ಬೀಳುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮಾರ್ಗವನ್ನು ರಚಿಸಿರುವಾಗ, ಗಲ್ಲಾಪೆಟ್ಟಿಗೆ ಬರಿದಾದವನನ್ನು ಮುಗಿದುಹೋದ ಮನುಷ್ಯನೆಂದು ತೀರ್ಮಾನಿಸಲು ಬಂಧುಬಳಗಕ್ಕೆ ಯಾವ ಅಧಿಕಾರವಿದೆ? ಆತನಿಗಾದರೂ ತನ್ನನ್ನು ತಾನು ಹಾಗೆ ತೀರ್ಮಾನಿಸಿಕೊಳ್ಳಲು ಅಧಿಕಾರವೆಲ್ಲಿದೆ?

ಇಲ್ಲಿ ಒಂದು ಭ್ರಮೆಯನ್ನು ದೂರಮಾಡಿಕೊಳ್ಳಬೇಕು. ಶ್ರದ್ಧೆ ಮರಳಿದ ಮೇಲೆ ಬನಾರಸೀದಾಸರಿಗೆ ಸಂಪತ್ತೂ ಸುಖವೂ ಮರಳಿದವೆಂದು ಕಥೆ ಮುಗಿಯುವುದಿಲ್ಲ. ಅವರಿಗೆ ಮೂರು ವಿವಾಹಗಳಾಗಿ ಏಳು ಗಂಡು ಎರಡು ಹೆಣ್ಣು, ಹೀಗೆ ಒಂಬತ್ತು ಮಕ್ಕಳು ಹುಟ್ಟಿ ಒಬ್ಬರೂ ಉಳಿಯಲಿಲ್ಲ. ಆತ್ಮಕಥೆಯ ಕೊನೆಯಲ್ಲಿ ಮನೆಯಲ್ಲಿದ್ದವರು ಗಂಡಹೆಂಡಿರು ಇಬ್ಬರೇ. ಅದನ್ನೂ ಅವರು ಬರೆದರು. ತಮ್ಮ ಗುಣಗಳನ್ನು ಜಮಾ ಪಟ್ಟಿಯಂತೆಯೂ ದೋಷಗಳನ್ನು ಖರ್ಚಿನ ಪಟ್ಟಿಯಂತೆಯೂ ಒಂದರ ಪಕ್ಕದಲ್ಲೊಂದಿಟ್ಟು, ನಗುನಗುತ್ತಲೇ ಲೆಕ್ಕ ಮುಗಿಸಿದರು. ಕರ್ಮೋದಯವನ್ನು ಯಾವ ಪೂಜೆಯೂ ಲಂಚದಂತೆ ತಡೆಯುವುದಿಲ್ಲವೆಂಬುದು ಜಿನಮತ. ಶ್ರದ್ಧೆಯು ಕೊಡುವುದು ನಷ್ಟದ ಪರಿಹಾರವನ್ನಲ್ಲ. ನಷ್ಟದ ಎದುರಿಗೆ ಕಣ್ಣುತೆರೆದು ಕುಳಿತುಕೊಳ್ಳುವ ಶಕ್ತಿಯನ್ನು. ಆ ಶಕ್ತಿಯು ಅಕ್ಬರನ ಮರಣವಾರ್ತೆಗೆ ಮೂರ್ಛೆಹೋದ ತರುಣನಲ್ಲಿ ಇರಲಿಲ್ಲ. ಒಂಬತ್ತು ಮಕ್ಕಳನ್ನು ಕಳೆದುಕೊಂಡು ಗ್ರಂಥ ಬರೆದ ಪ್ರೌಢನಲ್ಲಿ ಇದ್ದಿತು. ಆ ನಡುವಿನ ಕಾಲದಲ್ಲಿ ಒಬ್ಬ ಕಚೋರಿಯವನು, ಒಬ್ಬ ಮಡದಿ, ಒಬ್ಬ ಅತ್ತೆ, ಒಬ್ಬ ಪಂಡಿತರು ಮತ್ತು ಒಂದು ಗೋಷ್ಠಿ ಇದ್ದರು.

ಬಸದಿಗಳ ಟ್ರಸ್ಟುಗಳು ಈ ಕಥೆಯಿಂದ ತಿಳಿಯಬೇಕಾದದ್ದು ಸ್ಪಷ್ಟವಾಗಿದೆ. ಜೀರ್ಣೋದ್ಧಾರ, ಪಂಚಕಲ್ಯಾಣ, ಮಹಾಮಸ್ತಕಾಭಿಷೇಕಗಳಿಗೆ ನಿಧಿ ಕೂಡಿಸುವುದು ಪುಣ್ಯಕಾರ್ಯವೇ ಸರಿ, ಅದು ಪ್ರಭಾವನೆ. ಆದರೆ ಎಂಟನೆಯ ಅಂಗವನ್ನು ಅಲಂಕರಿಸುವಾಗ ಆರನೆಯ ಅಂಗವು ಒಣಗಬಾರದು. ಬಸದಿಗೆ ಬರುವುದನ್ನು ನಿಲ್ಲಿಸಿದ ಕುಟುಂಬದ ಮನೆಗೆ ಹಿರಿಯರೊಬ್ಬರು ವರ್ಗಣಿಯ ಪುಸ್ತಕವನ್ನು ಹಿಡಿಯದೆ ಬರಿಗೈಯಲ್ಲಿ ಹೋಗಿ ಕುಳಿತು ಬರಬಹುದು. ಸವಾಲಿನಲ್ಲಿ ಮೊದಲ ಕಲಶವನ್ನು ಹಿಡಿಯಲಾಗದವನಿಗೆ ಗಂಧ ತೇಯುವ ಸೇವೆಯನ್ನಾದರೂ ಪ್ರೀತಿಯಿಂದ ಒಪ್ಪಿಸಬಹುದು. ಸಹಾಯ ಮಾಡಿದರೆ ಫಲಕದ ಮೇಲೆ ಹೆಸರು ಬರೆಸದೆ, ಖೈರಾಬಾದಿನ ಆ ತಾಯಿಯಂತೆ ಗುಟ್ಟಾಗಿ ಮಾಡಬಹುದು. ಸಾಧ್ಯವಾದರೆ ದಾನವಾಗಿ ಅಲ್ಲ, ಬಡ್ಡಿಯಿಲ್ಲದ ಉದ್ರಿಯಾಗಿ. ಎಲ್ಲಕ್ಕೂ ಮಿಗಿಲಾಗಿ, ಐದು ಜನವಾದರೂ ಸರಿ, ವಾರಕ್ಕೊಮ್ಮೆ ಕುಳಿತು ಸ್ವಾಧ್ಯಾಯ ಮಾಡುವ ಜಾಗವನ್ನು ಬಸದಿಯಲ್ಲಿ ಉಳಿಸಿಕೊಳ್ಳಬೇಕು. ತಿಹುನಾ ಸಾಹು ಮಂದಿರವನ್ನು ಕಟ್ಟಿಸಿರದಿದ್ದರೆ ಪಂಡಿತರಿಗೆ ಇಳಿದುಕೊಳ್ಳಲು ಆ ಬಿಡಾರವಿರುತ್ತಿರಲಿಲ್ಲ. ಕಟ್ಟಿಸಿದ ಮಂದಿರದಲ್ಲಿ ಓದುವವರು ಇಲ್ಲದೆ ಹೋಗಿದ್ದರೆ ಬನಾರಸೀದಾಸರಿಗೆ ಅದರಿಂದ ಪ್ರಯೋಜನವಾಗುತ್ತಿರಲಿಲ್ಲ.

ಎದೆಗುಂದಿದ ಶ್ರಾವಕನಿಗೂ ಒಂದು ವಿನಂತಿಯಿದೆ. ಕಂಬದ ಮರೆಯಲ್ಲಿ ನಿಂತು ಕೈಮುಗಿದು ಹೊರಟುಹೋಗುವುದು ಸುಲಭ. ತಿಂಗಳ ಕೊನೆಯಲ್ಲಿ ಕಚೋರಿಯವನನ್ನು ಏಕಾಂತಕ್ಕೆ ಕರೆದು, ನನ್ನಲ್ಲಿ ಏನೂ ಇಲ್ಲ ಎಂದು ಹೇಳುವುದು ಕಷ್ಟ. ಬನಾರಸೀದಾಸರ ಜೀವನದಲ್ಲಿ ಧೈರ್ಯವು ಆರಂಭವಾದದ್ದು ಆ ಮಾತಿನಿಂದ. ಅಂಥ ಮಾತನ್ನು ನಂಬಿಕೆಯಿಂದ ಆಡಬಹುದಾದ ಒಬ್ಬ ಮನುಷ್ಯನಾದರೂ ಪ್ರತಿಯೊಂದು ಬಸದಿಯ ಜಗಲಿಯ ಮೇಲೂ ಇರಲಿ.